ಎರಡು ಬೆರಳಗಲ

ಗಡಿ ತೆರೆಯಲು ಇನ್ನೂ ನಾಲ್ಕು ದಿನ ಅಂದರು.
ಗೋಬಿಯ ಮೇಲೆ ಕಲ್ಲಿದ್ದಲ ಲಾರಿಗಳ ಸಾಲು
ಕಣ್ಣು ಹೋದಷ್ಟು ದೂರ ಹೋಗಿ, ಅಲ್ಲಿಂದಾಚೆಗೂ ಹೋಗಿತ್ತು.
ನಾನು ನೂರಾ ಹದಿನೇಳನೆಯವನು.
ನನ್ನ ಮುಂದಿನ ನೀಲಿ ಲಾರಿ ಯೋಂದೋನ್‌ನದು.

ಮೈನಸ್ ಮೂವತ್ತೆರಡು.
ಚಹಾ ಚೆಲ್ಲಿದರೆ ಒರೆಸಬೇಕಿಲ್ಲ, ಉಗುರಲ್ಲಿ ಕೆರೆದರಾಯಿತು.
ಬೆನ್ನಿಗೆ ತೊಂಬತ್ತು ಟನ್ನು ಕಲ್ಲಿದ್ದಲು,
ಒಲೆಗೆ ಹಾಕಲು ಒಂದು ಚೂರೂ ನಮ್ಮದಲ್ಲ.
ಡೀಸೆಲ್ ಒಮ್ಮೆ ಗಟ್ಟಿಯಾದರೆ ಇಂಜಿನ್ನು ಮತ್ತೆ ಏಳದು,
ಅದಕ್ಕೇ ಯಾರೂ ಆರಿಸುವುದಿಲ್ಲ.
ರಾತ್ರಿಯಿಡೀ ಸಾಲಿಗೆ ಸಾಲೇ ಗುರುಗುಟ್ಟುತ್ತದೆ,
ಕನಸಿನಲ್ಲಿ ಮೆಲುಕು ಹಾಕುವ ಮಂದೆಯ ಹಾಗೆ.

ಸಂಜೆ ಯೋಂದೋನ್ ಬಂದು ಕೇಳಿದ:
"ಕಿಟಕಿಯ ಸಂದಿಯಿಂದ ಗಾಳಿ ನುಗ್ಗಿ ಕಿವಿ ಕೊಯ್ಯುತ್ತಿದೆ,
ಕಂಬಳಿಯ ತುಂಡೇನಾದರೂ ಇದೆಯಾ?"
ಇತ್ತು. ನಮ್ಮ ಹಳೆಯ ಗುಡಾರದ ಗೋಡೆಯದು,
ಅಜ್ಜಿ ಉಣ್ಣೆ ಹರವಿ, ನೀರು ಚಿಮುಕಿಸಿ,
ಸುರುಳಿ ಸುತ್ತಿ ಕುದುರೆಯ ಹಿಂದೆ ಉರುಳಿಸಿ ಮಾಡಿದ್ದು.
ಅಂಗೈಯಗಲ ಕತ್ತರಿಸಿ ಕೊಟ್ಟೆ.
ಬದಲಿಗೆ ಎರಡು ಸಿಗರೇಟು ಕೊಟ್ಟ,
ಒಂದನ್ನು ಅಲ್ಲೇ ವಾಪಸು ಇಸಿದುಕೊಂಡು ಸೇದಿದ.
ಮಗಳಿಗೆ ಮುಂದಿನ ಹಲ್ಲು ಬಿದ್ದಿದೆಯಂತೆ, ಫೋನಿನಲ್ಲಿ ಆ ಕಿಂಡಿ ತೋರಿಸಿದ.

ನಡುರಾತ್ರಿ ಗಾಳಿ ಎದ್ದಿತು.
ಮರಳನ್ನೂ ಹಿಮವನ್ನೂ ಕಲಸಿ
ಚಕ್ರದ ಅಡಿಗೆ, ತುಕ್ಕು ತಿಂದ ಹೊಗೆಕೊಳವೆಯ ಬಾಯಿಗೆ
ನಿಧಾನ ಬಲ್ಲ ಗಾರೆಯವನಂತೆ ಮೆತ್ತಿತು.
ಮೂರಕ್ಕೆ ನನಗೆ ಎಚ್ಚರವಾಯಿತು.
ಮುಂದಿನ ಇಂಜಿನ್ನಿನ ಸದ್ದು ಕೇಳಿ
ಇದ್ದಾನೆ, ಇಲ್ಲೇ ಇದ್ದಾನೆ, ಅಂದುಕೊಂಡು
ಮಗ್ಗುಲು ಬದಲಿಸಿದೆ.

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರೆ.
ಹೊಗೆಯೇ ಆಡದ ಬೆಂಕಿಗೆ ಯಾರೂ ಗಾದೆ ಕಟ್ಟಿಲ್ಲ.
ಬಣ್ಣವಿಲ್ಲ, ನಾತವಿಲ್ಲ,
ಒಂದು ಸಲ ಕೆಮ್ಮಿಸುವಷ್ಟು ಮರ್ಯಾದೆಯೂ ಇಲ್ಲ.
ತಲೆ ಭಾರವೆ? ದಣಿವಿರಬೇಕು.
ಹೊಟ್ಟೆ ತೊಳಸಿತೆ? ಮಧ್ಯಾಹ್ನದ ಮಾಂಸ ಹಳತಿತ್ತು.
ನಿದ್ದೆ ಬಂತೆ?
ನಿದ್ದೆಯನ್ನು ಯಾರು ಅನುಮಾನಿಸುತ್ತಾರೆ.

ಬೆಳಿಗ್ಗೆ ಸಾಲು ಹತ್ತು ಮಾರು ಸರಿಯಿತು.
ನೀಲಿ ಲಾರಿ ಸರಿಯಲಿಲ್ಲ.
ಹಾರ್ನು ಹೊಡೆದೆ. ಹಿಂದಿನವರೂ ಹೊಡೆದರು.
ಬೈದೆ ಕೂಡ, ಅವನ ತಾಯಿಯನ್ನೂ ಬಿಡದೆ.
ಗಾಜು ಒಡೆದಾಗ ಒಳಗಿನ ಬಿಸಿ ನನ್ನ ಮುಖ ಸವರಿತು,
ಹಿತವಾಗಿತ್ತು. ಅದೊಂದನ್ನು ನಾನು ಯಾರಿಗೂ ಹೇಳಿಲ್ಲ.
ಕೆನ್ನೆ ಕೆಂಪಗೆ, ಕುಸ್ತಿ ಗೆದ್ದು ಬಂದ ಹುಡುಗನದು.
ಅಷ್ಟು ಆರೋಗ್ಯದ ಮುಖ ಆ ಸಾಲಿನಲ್ಲಿ ಇನ್ನೊಂದಿರಲಿಲ್ಲ.
ಕಿಟಕಿಯ ಸಂದಿಯಲ್ಲಿ ನಮ್ಮಜ್ಜಿಯ ಕಂಬಳಿ
ಬೆರಳಿಂದ ಒತ್ತಿ, ಒತ್ತಿ, ತುಂಬಿಸಿದ್ದು.

ಲಾರಿಯನ್ನು ಎಳೆದು ಬದಿಗಿಟ್ಟರು.
ನಾನು ನೂರಾ ಹದಿನಾರನೆಯವನಾದೆ.

ಗುಡಾರಕ್ಕಾದರೆ ನೆತ್ತಿಯಿತ್ತು,
ಟೋನೋ ಅನ್ನುತ್ತೇವೆ, ದುಂಡನೆಯ ಒಂದು ತುಂಡು ಆಕಾಶ.
ಎಂಥ ಚಳಿಯಲ್ಲೂ ಅಜ್ಜಿ ಅದರ ಮುಚ್ಚಳವನ್ನು
ಎರಡು ಬೆರಳಗಲ ಬಿಟ್ಟೇ ಎಳೆಯುತ್ತಿದ್ದಳು.
"ಒಲೆಯೂ ಉಸಿರಾಡಬೇಕಲ್ಲ" ಅನ್ನುತ್ತಿದ್ದಳು.
ಒಲೆಯ ಮಾತೇ ಆಡುತ್ತಿದ್ದಾಳೆಂದು ನಾನು ತಿಳಿದಿದ್ದೆ.

ಈಗ ಚಹಾ ಮಾರುವ ತ್ಸೆರ್ಮಾ
ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ
ಸೌಟು ಹಿಡಿದು ಸಾಲಿನುದ್ದಕ್ಕೂ ಬರುತ್ತಾಳೆ.
ಚಹಾ ತರುವುದಿಲ್ಲ. ಬಾಗಿಲಿಗೆ ಬಡಿಯುತ್ತಾಳೆ,
ಒಳಗಿನಿಂದ ಬೈಗುಳ ಬರುವವರೆಗೆ ಬಡಿಯುತ್ತಾಳೆ.
ಕೆಲವರು ಬಲು ಕೆಟ್ಟದಾಗಿ ಬೈಯುತ್ತಾರೆ.
"ಸರಿ" ಅಂದು ಮುಂದಿನ ಲಾರಿಗೆ ಹೋಗುತ್ತಾಳೆ.

ನನ್ನ ಬಳಿ ಬರುವಾಗ ನಾನು ಎದ್ದೇ ಇರುತ್ತೇನೆ,
ಎರಡು ಬೆರಳಗಲ ಇಳಿಸಿದ ಗಾಜು,
ಕಿವಿ ಕೊಯ್ಯುವ ಗಾಳಿ.
ಆದರೂ ಬೈಯುತ್ತೇನೆ, ಗಂಟಲು ಹರಿಯುವ ಹಾಗೆ,
ಮುಂದಿನ ಲಾರಿಯವನಿಗೂ ಕೇಳಲಿ ಎಂದು.